ಎಂಬತ್ತು ವರ್ಷದ ಮೇಲಿನ ಊರು

ಹೈದರಾಬಾದ್
೯ ಜೂನ್ ೨೦೨೩

ರೇಖಾ, ಜೈಭೀಮ್.

ಎರಡು ವರ್ಷ ಸುದ್ದಿಯೇ ಇಲ್ಲದವನು ಈಗ ಕಾಗದ ಬರೆದಿದ್ದಾನೆಂದರೆ ಏನೋ ಕೆಲಸವಿರಬೇಕು ಅಂದುಕೊಂಡಿರುತ್ತೀ. ಹೌದು, ಕೆಲಸವೇ.

ನಾನಿಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯೊಂದಕ್ಕೆ ಸೇರಿ ಎಂಟು ತಿಂಗಳಾಯಿತು. ಚಿತ್ರ ಬಿಡಿಸುವವರು ಬೇರೆ, ಕೋಡ್ ಬರೆಯುವವರು ಬೇರೆ. ನನ್ನ ಪಾಲಿಗೆ ಬಂದದ್ದು ಆಟ ನಡೆಯುವ ಲೋಕವನ್ನು ಕಟ್ಟುವ ಕೆಲಸ. ಅಲ್ಲಿ ಏನು ಬೆಳೆಯುತ್ತದೆ, ಮನೆ ಹೇಗಿರುತ್ತದೆ, ಜನ ಏನು ತಿನ್ನುತ್ತಾರೆ ಎಲ್ಲ ನಾನೇ ಹೇಳಬೇಕು. ಹೊಸ ಆಟದ ಹೆಸರು ‘ಬೂದಿಸೀಮೆ’. ದೊಡ್ಡ ಯುದ್ಧವಾಗಿ, ಕರೆಂಟು, ಸರ್ಕಾರ, ಪೇಟೆ ಎಲ್ಲ ಮುಗಿದುಹೋಗಿ ಎಂಬತ್ತು ವರ್ಷ ಕಳೆದ ಮೇಲಿನ ಕಥೆ. ಇಂಥ ಆಟಗಳೆಲ್ಲ ಅಮೆರಿಕದ ಮರುಭೂಮಿಯಲ್ಲೋ ಹಿಮದ ದೇಶದಲ್ಲೋ ನಡೆಯುತ್ತವೆ. ನಾನು ಮೀಟಿಂಗಿನಲ್ಲಿ ಎದ್ದು ನಿಂತು, ನಮ್ಮ ಸೀಮೆಯಲ್ಲೇ ಮಾಡೋಣ ಎಂದೆ. ಕೂಡ್ಲಿಗಿಯ ಕಲ್ಲುಗುಡ್ಡ, ಹಡಗಲಿಯ ಹೊಳೆದಂಡೆ, ಕೊಟ್ಟೂರಿನ ರೈಲುಹಳಿ ಎಲ್ಲದರ ಫೋಟೋ ತೋರಿಸಿದೆ. ಒಪ್ಪಿಬಿಟ್ಟರು!

ಈಗ ಅವರಿಗೆ ನಂಬಿಕೆ ಬರುವಂಥ ಲೋಕ ಬೇಕು. ನನ್ನ ವಿಜ್ಞಾನ ನಿನಗೆ ಗೊತ್ತೇ ಇದೆ. ಕೊಟ್ಟೂರಿನ ಕಾಲೇಜಿನಲ್ಲಿ ಮೂರು ವರ್ಷ ನಿನ್ನ ರೆಕಾರ್ಡ್ ಪುಸ್ತಕ ನೋಡಿ ಬರೆದು ಪಾಸಾದವನು ನಾನು. ನೀನು ಕೆಮಿಸ್ಟ್ರಿ ಲೆಕ್ಚರರ್. ಈ ಕಾಗದದ ಜೊತೆ ಮೂರು ಚಿತ್ರ ಇಟ್ಟಿದ್ದೇನೆ. ನೋಡಿ ಬೈಯಿ.

ಆಟ ಹೊರಬರುವವರೆಗೆ ಅದರ ವಿಷಯವನ್ನು ಫೋನಿನಲ್ಲಿ, ಇಮೇಲಿನಲ್ಲಿ ಹೊರಗಿನವರೊಡನೆ ಮಾತಾಡಬಾರದೆಂದು ನಮ್ಮಿಂದ ಬರೆಸಿಕೊಂಡಿದ್ದಾರೆ. ಅಂಚೆಯ ಮಾತು ಅದರಲ್ಲಿಲ್ಲ!

ಅವ್ವ ಹೇಗಿದ್ದಾಳೆ? ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ತಾಯಿಯಿಲ್ಲದವನಿಗೆಂದು ದಿನಾ ನಿನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದಳು. ಕೇಳಿದೆನೆಂದು ಹೇಳು.

ನಿನ್ನ
ಕ್ರಾಂತಿ


ಹರಪನಹಳ್ಳಿ
೧೮ ಜೂನ್ ೨೦೨೩

ಕ್ರಾಂತಿ, ಜೈಭೀಮ್.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. “ಆಟ ಆಡಾಕ ಕೆಲಸ ಕೊಟ್ಟಾರ? ಕಾಲೇಜಿನ್ಯಾಗ ಪುಕ್ಕಟೆ ಮಾಡ್ತಿದ್ದ ಇವ” ಎಂದು ನಕ್ಕಳು. ಅವಳು ನಾಲ್ಕು ವರ್ಷದಿಂದ ಇಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ನಡೆಯುವುದು ಕಷ್ಟವಾಗಿದೆ, ಮಾತಿಗೆ ಮಾತ್ರ ಏನೂ ಆಗಿಲ್ಲ.

ಚಿತ್ರ ನೋಡಿದೆ. ಬೈಯಿ ಎಂದೆಯಲ್ಲ, ತಗೋ. ನಿನ್ನ ಹೀರೋ ಎಂಬತ್ತು ವರ್ಷದ ಹಳೆಯ ಜೀಪಿಗೆ ಬಂಕಿನಲ್ಲಿ ಉಳಿದ ಪೆಟ್ರೋಲು ಹಾಕಿಕೊಂಡು ಹೋಗುತ್ತಿದ್ದಾನೆ. ಪೆಟ್ರೋಲು ಒಂದೆರಡು ವರ್ಷಕ್ಕೇ ಕೆಟ್ಟು ಅಂಟಾಗುತ್ತದೆ. ಎತ್ತಿನ ಗಾಡಿ ಕೊಡು. ಎರಡನೆಯ ಚಿತ್ರದಲ್ಲಿ ಅವನು ಮೆಕ್ಕೆಜೋಳದ ಹೊಲದಲ್ಲಿ ಅಡಗಿದ್ದಾನೆ. ಮೆಕ್ಕೆಜೋಳ ತಾನಾಗಿ ಬಿತ್ತಿಕೊಳ್ಳಲಾರದು ಮಾರಾಯ. ತೆನೆ ಸಿಪ್ಪೆಯೊಳಗೇ ಬಿದ್ದು, ಎಲ್ಲ ಕಾಳೂ ಒಂದೇ ಕಡೆ ಮೊಳೆತು ಒಂದನ್ನೊಂದು ಕೊಲ್ಲುತ್ತವೆ. ಮನುಷ್ಯ ಕೈಬಿಟ್ಟರೆ ನಾಲ್ಕಾರು ವರ್ಷಕ್ಕೆ ಹರಪನಹಳ್ಳಿಯ ಸುತ್ತ ಒಂದು ದಂಟೂ ಇರುವುದಿಲ್ಲ. ಬಳ್ಳಾರಿ ಜಾಲಿ ಇರುತ್ತದೆ. ಎಲ್ಲೆಲ್ಲೂ ಅದೇ. ಆರ್‌ಸಿಸಿ ಮನೆಗಳ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ತಾರಸಿ ಕುಸಿದಿರುತ್ತವೆ, ನಮ್ಮ ಹಳೆಯ ಕಲ್ಲುಚಪ್ಪಡಿಯ ಮನೆಗಳು ನಿಂತಿರುತ್ತವೆ. ಇನ್ನು ಆ ಹಸಿರಾಗಿ ಹೊಳೆಯುವ ನೀರು! ವಿಕಿರಣ ಬಿದ್ದ ನೀರು ಹೊಳೆಯುವುದಿಲ್ಲ. ಕೆಟ್ಟ ನೀರು ನೋಡಲು ಒಳ್ಳೆಯ ನೀರಿನ ಹಾಗೆಯೇ ಇರುತ್ತದೆ. ಭಯವಿರುವುದೇ ಅದರಲ್ಲಿ.

ನಿನಗೆ ಅಷ್ಟು ಆಸೆಯಿದ್ದರೆ ಮೆಕ್ಕೆಜೋಳ ಇಟ್ಟುಕೋ. ಕಥೆ ಕಟ್ಟುವವನಿಗೆ ಅಷ್ಟು ಸಡಿಲ ಇರಬೇಕು. ಆದರೆ ಎಲ್ಲಿ ಸುಳ್ಳು ಹೇಳುತ್ತಿದ್ದೇನೆ ಅನ್ನುವುದು ನಿನಗೆ ಗೊತ್ತಿರಲಿ.

ಇದರ ಜೊತೆ ಜಾಲಿಯ ಒಣಗಿದ ಟೊಂಗೆ, ತುಕ್ಕು ಹಿಡಿದ ಕಾಂಕ್ರೀಟಿನ ಒಂದು ಚೂರು ಇಟ್ಟಿದ್ದೇನೆ. ಅಂಚೆಯವರು ಏನಂದುಕೊಂಡರೋ.

ರೇಖಾ


ಹೈದರಾಬಾದ್
೨೩ ಜುಲೈ ೨೦೨೩

ರೇಖಾ, ಜೈಭೀಮ್.

ಆ ಕಾಂಕ್ರೀಟಿನ ಚೂರು ಈಗ ನಮ್ಮ ಚಿತ್ರಕಾರರ ಟೇಬಲ್ಲಿನ ಮೇಲೆ ಕೂತಿದೆ. ಜೀಪು ಹೋಯಿತು, ಗಾಡಿ ಬಂತು. ಹಸಿರು ನೀರೂ ಹೋಯಿತು. ಮೆಕ್ಕೆಜೋಳಕ್ಕೆ ಮಾತ್ರ ಜಗಳವಾಗಿ ನಾನು ಸೋತೆ. “ಅಡಗಲು ಎತ್ತರದ ಬೆಳೆ ಬೇಕು, ಯಾರು ಸಸ್ಯಶಾಸ್ತ್ರ ಓದಿಕೊಂಡು ಆಡುತ್ತಾರೆ?” ಎಂದರು. ನಮ್ಮ ಮುಖ್ಯಸ್ಥರು ಎಲ್ಲರೆದುರು, “ಕುಮಾರ್, ನಿಮ್ಮ ಮೂಲ ಯಾವುದು? ಇಷ್ಟು ನಿಖರವಾದದ್ದು ಎಲ್ಲಿಂದ ತರುತ್ತೀರಿ?” ಎಂದು ಕೇಳಿದರು. ಇಲ್ಲಿ ನನ್ನನ್ನು ಎಲ್ಲರೂ ಕುಮಾರ್ ಎನ್ನುತ್ತಾರೆ. ಕ್ರಾಂತಿಕುಮಾರ್ ಉದ್ದವಾಯಿತಂತೆ.

ಇನ್ನು ಜನರದು ಉಳಿದಿದೆ. ಎಂಬತ್ತು ವರ್ಷದ ಮೇಲೆ ನಮ್ಮ ಸೀಮೆಯ ಮನುಷ್ಯರ ಮೈ ಹೇಗಿರುತ್ತದೆ? ಏನು ರೋಗ, ಏನು ಊನ? ಇಲ್ಲಿ ಎಲ್ಲರೂ ಮೂರು ಕಣ್ಣು, ಆರು ಬೆರಳು ಎನ್ನುತ್ತಿದ್ದಾರೆ. ನನಗೆ ನಿಜವಾದದ್ದು ಬೇಕು. ನೀನು ಎಂ.ಎಸ್ಸಿ.ಗೆ ನಿಮ್ಮ ಕೇರಿಯ ನೀರಿನ ಮೇಲೆ ಏನೋ ಮಾಡಿದ್ದೆಯಲ್ಲ?

ಕ್ರಾಂತಿ


ಹರಪನಹಳ್ಳಿ
೨೦ ಆಗಸ್ಟ್ ೨೦೨೩

ಕ್ರಾಂತಿ, ಜೈಭೀಮ್.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಡಬ್ಬಿ ಹಂಚಿಕೊಂಡು ಉಂಡಿದ್ದರೂ ಇದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ.

ನಮ್ಮ ಹಳ್ಳಿಯ ಕೆರೆಯ ಕೆಳಗೆ ಒಂದು ಕಲ್ಲುಬಾವಿ ಇದೆ. ಸಿಹಿನೀರು. ನಮ್ಮ ಕೇರಿಯವರು ಅದಕ್ಕೆ ಇಳಿಯುವ ಹಾಗಿರಲಿಲ್ಲ. ನಮ್ಮಪ್ಪ ಗಾದಿಲಿಂಗಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಆರು ವರ್ಷ ಅರ್ಜಿ ಬರೆದ. ಬಾವಿ ಬಿಡಿಸಿಕೊಡಲಿಲ್ಲ. ಅದರ ಬದಲು ನಮ್ಮ ಓಣಿಯಲ್ಲೇ ಕೊಳವೆಬಾವಿ ಕೊರೆಸಿ ಕೊಟ್ಟರು. ಅಪ್ಪ ಗೆದ್ದೆನೆಂದು ಓಣಿಗೆಲ್ಲ ಸಕ್ಕರೆ ಹಂಚಿದ. ಆ ನೀರು ಕಲ್ಲಿನಾಳದಿಂದ ಬರುವಂಥದ್ದು. ತುಂಬ ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮೂವತ್ತು ವರ್ಷ ಅದನ್ನೇ ಕುಡಿದೆವು. ನಾನು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆಂದು ನೀನು ಅಣಕಿಸುತ್ತಿದ್ದೆಯಲ್ಲ, ಹಲ್ಲಿನ ಮೇಲಿನ ಆ ಕಂದು ಪಟ್ಟಿ ಅದರದೇ. ಅವ್ವನಿಗೆ ಬೆನ್ನುಮೂಳೆ ಬೆಸೆದುಕೊಂಡಿದೆ, ಕುತ್ತಿಗೆ ತಿರುಗುವುದಿಲ್ಲ, ಮಂಡಿ ಚಾಚುವುದಿಲ್ಲ. ಅಲ್ಲಿ ನಮ್ಮ ಪಕ್ಕದ ಮನೆಯ ಜೋಗಮ್ಮನಿಗೆ ನಲವತ್ತೂ ಆಗಿಲ್ಲ, ಕಾಲು ಬಿಲ್ಲಿನ ಹಾಗೆ ಬಾಗಿವೆ.

ಈಗ ನಿನ್ನ ಎಂಬತ್ತು ವರ್ಷದ ಮಾತಿಗೆ ಬರುತ್ತೇನೆ. ಇದನ್ನು ಮೊನ್ನೆ ಎರಡು ಸಲ ಲೆಕ್ಕ ಹಾಕಿ ನೋಡಿದೆ. ನಿನ್ನ ಯುದ್ಧವಾಗಿ ಕರೆಂಟು ನಿಂತ ದಿನವೇ ಕೊಳವೆಬಾವಿಗಳು ನಿಲ್ಲುತ್ತವೆ. ಉಳಿದವರೆಲ್ಲ ಕೆರೆಗೆ, ತೆರೆದ ಬಾವಿಗೆ ಹೋಗಬೇಕು. ಅದು ಮಳೆಯ ನೀರು, ಫ್ಲೋರೈಡ್ ಕಡಿಮೆ. ಬೇಡ ಎನ್ನುವ ಗೌಡರೂ ಇಲ್ಲ. ಈಗಿರುವವರ ಮೂಳೆ ಸರಿಹೋಗುವುದಿಲ್ಲ, ಆದರೆ ಆಮೇಲೆ ಹುಟ್ಟಿದ ಮಕ್ಕಳು ನೆಟ್ಟಗೆ ಬೆಳೆಯುತ್ತಾರೆ. ಎಂಬತ್ತು ವರ್ಷಕ್ಕೆ ನಮ್ಮ ಕೇರಿಯಲ್ಲಿ ಬಾಗಿದವರು ಒಬ್ಬರೂ ಇರುವುದಿಲ್ಲ. ಬಿಳಿ ಹಲ್ಲು ತೋರಿಸಿ ನಗುತ್ತಾರೆ. ಲೋಕ ಹಾಳಾದ ಮೇಲೆ ನಮ್ಮ ಜನ ನೆಟ್ಟಗಾಗುತ್ತಾರೆ, ಕ್ರಾಂತಿ. ಇದು ನನ್ನ ಆಸೆಯಲ್ಲ, ಕೆಮಿಸ್ಟ್ರಿ. ನಿನ್ನ ಆಟದಲ್ಲಿ ಇದೊಂದನ್ನು ತೋರಿಸು.

ಅವ್ವನ ಎಕ್ಸ್-ರೇ ಪ್ರತಿ, ನಮ್ಮ ಓಣಿಯ ನಲವತ್ತು ಜನ ಹೇಗೆ ನಡೆಯುತ್ತಾರೆ, ಏಳುತ್ತಾರೆ ಎಂದು ನಾನು ಬರೆದಿಟ್ಟ ನೋಟ್‌ಬುಕ್ ಕಳಿಸುತ್ತಿದ್ದೇನೆ. ನಿನಗೆ ಅರ್ಥವಾಗಲೆಂದು ಮಾತ್ರ. ಬೇರೆ ಯಾರಿಗೂ ತೋರಿಸಬೇಡ. ಓದಿ ಹಿಂದಕ್ಕೆ ಕಳಿಸು.

ರೇಖಾ


ಹೈದರಾಬಾದ್
೨ ನವೆಂಬರ್ ೨೦೨೩

ರೇಖಾ, ಜೈಭೀಮ್.

ದಸರಾ ರಜೆಯಲ್ಲಿ ನಿಮ್ಮಲ್ಲಿಗೆ ಬಂದು ಕಳೆದ ಆ ಎರಡು ದಿನ ಮರೆಯಲಾರೆ. ಅವ್ವನ ಕೈಯ ರೊಟ್ಟಿ ತಿಂದು ಹತ್ತು ವರ್ಷವಾಗಿತ್ತು. ಆ ಬೆರಳಲ್ಲಿ ಹೇಗೆ ತಟ್ಟುತ್ತಾಳೋ.

ರೆಕಾರ್ಡ್ ಮಾಡಿಕೊಂಡದ್ದನ್ನು ಇಲ್ಲಿ ಕೇಳಿಸಿದೆ. ಜಾಲಿಯ ಪೊದೆಯಲ್ಲಿ ಗಾಳಿ, ಆಡುಗಳ ಗಂಟಲು, ಊರಿನ ಕಲ್ಲುಬಾವಿಗೆ ಕೊಡ ತಾಗುವ ಸದ್ದು. ಅವ್ವ ಮಾತಾಡಿದ್ದೂ ಪೂರ್ತಿ ಇದೆ, ಎರಡು ಗಂಟೆ. ಎಲ್ಲ ಬಹಳ ಉಪಯೋಗಕ್ಕೆ ಬರುತ್ತದೆ.

ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ. ಕಳಿಸುತ್ತೇನೆ.

ಕ್ರಾಂತಿ


ಹರಪನಹಳ್ಳಿ
೧೪ ಜನವರಿ ೨೦೨೪

ಕ್ರಾಂತಿ, ಜೈಭೀಮ್.

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಕೆಲಸ ಜಾಸ್ತಿಯಿರಬೇಕು.

ಅವ್ವ ಮೊನ್ನೆ ಊರಿಗೆ ಹೋದಾಗ ಓಣಿಯವರಿಗೆಲ್ಲ ಹೇಳಿಬಿಟ್ಟಿದ್ದಾಳೆ. “ನನ್ನ ಮಾತು ಕಂಪ್ಯೂಟರಿನ್ಯಾಗ ಬರ್ತೈತಿ. ನಮ್ಮ ಬಾವಿ, ನಮ್ಮ ಓಣಿ ಎಲ್ಲಾ ಬರ್ತೈತಿ. ನಮ್ಮ ಕ್ರಾಂತಿ ಮಾಡ್ಯಾನ” ಎಂದು. ಜೋಗಮ್ಮ, “ನನ್ನ ಕಾಲು ನೆಟ್ಟಗ ಮಾಡಿ ತೋರಸ್ತಾನೇನು ಕೇಳು” ಎಂದಳಂತೆ. ಎಲ್ಲರೂ ನಕ್ಕರಂತೆ. ನಾನೂ ನಕ್ಕೆ. ಆದರೆ ಅವಳು ನಗುತ್ತಾ ಕೇಳಿದಳೋ ಇಲ್ಲವೋ ಎಂದು ಅವ್ವನನ್ನು ಕೇಳಲು ಧೈರ್ಯವಾಗಲಿಲ್ಲ.

ಜನರದು ಎಲ್ಲಿಗೆ ಬಂತು? ಆ ನೆಟ್ಟಗಿನ ಮಕ್ಕಳನ್ನು ಚಿತ್ರಕಾರರು ಬಿಡಿಸಿದರೆ ಒಂದು ಪ್ರತಿ ಕಳಿಸು. ನೋಟ್‌ಬುಕ್ಕನ್ನೂ.

ರೇಖಾ


ಹೈದರಾಬಾದ್
೩ ಮಾರ್ಚ್ ೨೦೨೪

ರೇಖಾ,

ತಡವಾಯಿತು, ಬೇಸರ ಬೇಡ. ಆಟ ಕೊನೆಯ ಹಂತದಲ್ಲಿದೆ. ಜನರ ಭಾಗವನ್ನು ಬೇರೆ ತಂಡ ನೋಡುತ್ತಿದೆ, ನನ್ನ ಕೈಯಲ್ಲಿ ಎಲ್ಲವೂ ಇಲ್ಲ.

ನಿನಗೆ ಒಂದು ಮಾತು ಹೇಳಬೇಕು. ನಿಜ ಹೇಗಿರುತ್ತದೋ ಹಾಗೇ ಇಟ್ಟರೆ ಆಟವಾಗುವುದಿಲ್ಲ. ಎಂಬತ್ತು ವರ್ಷದ ಮೇಲೆ ಜಾಲಿ ಇದೆ, ಗೆದ್ದಲಿದೆ, ಜನ ಆರೋಗ್ಯವಾಗಿದ್ದಾರೆ ಎಂದರೆ ಆಡುವವನು ಹತ್ತು ನಿಮಿಷಕ್ಕೆ ಎದ್ದುಹೋಗುತ್ತಾನೆ. ಅವನಿಗೆ ಭಯ ಬೇಕು, ಎದುರಾಳಿ ಬೇಕು. ಎಲ್ಲಿ ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದರೆ ಸಾಕೆಂದು ನೀನೇ ಬರೆದಿದ್ದೆ.

ಒಂದು ಸಿಹಿ ಸುದ್ದಿ. ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ‘ವಿಜ್ಞಾನ ಸಲಹೆ: ರೇಖಾ, ಹರಪನಹಳ್ಳಿ’ ಎಂದು ಹಾಕಿಸಿದ್ದೇನೆ. ಅವ್ವನಿಗೆ ತೋರಿಸು.

ಕ್ರಾಂತಿ


ಹರಪನಹಳ್ಳಿ
೨೧ ಜುಲೈ ೨೦೨೪

ಕ್ರಾಂತಿಕುಮಾರ್,

ನಿಮ್ಮ ಆಟದ ಮೊದಲ ಭಾಗವನ್ನು ಪುಕ್ಕಟೆ ಬಿಟ್ಟಿದ್ದೀರಂತೆ. ನೀನು ತಿಳಿಸಲಿಲ್ಲ. ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ತಿಪ್ಪೇಶ್ ಸರ್, ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು, “ಮೇಡಂ, ನಿಮ್ಮ ಹೆಸರು ಐತ್ರಿ ಇದರಾಗ! ಬರ್ರಿ, ಲ್ಯಾಬಿನ್ಯಾಗ ಹಾಕೀನಿ” ಎಂದು ಕರೆದುಕೊಂಡು ಹೋದರು.

ಮೊದಲ ಹತ್ತು ನಿಮಿಷ ನನ್ನಷ್ಟು ಹೆಮ್ಮೆ ಪಟ್ಟವರಿಲ್ಲ. ಜಾಲಿಯ ಕಾಡು, ಕುಸಿದ ತಾರಸಿ, ನಿಂತ ಕಲ್ಲುಚಪ್ಪಡಿ. “ಇದು ನಾನು ಹೇಳಿದ್ದು ಸರ್, ಇದೂ ನಾನೇ” ಎಂದು ತೋರಿಸುತ್ತಿದ್ದೆ. ಮೆಕ್ಕೆಜೋಳದ ಹೊಲ ಬಂದಾಗ ಇಬ್ಬರೂ ನಕ್ಕೆವು.

ಆಮೇಲೆ ಬಾವಿ ಬಂತು. ನಮ್ಮೂರಿನ ಕಲ್ಲುಬಾವಿ. ನೀನು ದಸರೆಯಲ್ಲಿ ನಿಂತು ಫೋಟೋ ಹೊಡೆದುಕೊಂಡ ಮೆಟ್ಟಿಲುಗಳೇ. ಹೀರೋ ಅದನ್ನು ಕಾಯಬೇಕಂತೆ. ಪೊದೆಯಿಂದ ಅವರು ಬಂದರು. ತೆರೆಯ ಮೇಲೆ ಹೆಸರು ಮೂಡಿತು: ‘ಗೂನರು’. ಬೆನ್ನು ಬಾಗಿದೆ, ಕುತ್ತಿಗೆ ತಿರುಗುವುದಿಲ್ಲ, ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ನನ್ನ ನೋಟ್‌ಬುಕ್ಕಿನ ಹನ್ನೊಂದನೆಯ ಪುಟ. ಒಬ್ಬಳ ಕಾಲು ಬಿಲ್ಲಿನ ಹಾಗೆ. ಹತ್ತಿರ ಬಂದಾಗ ಬಾಯಿ ತೆರೆದರು, ಹಲ್ಲಿನ ಮೇಲೆ ಕಂದು ಪಟ್ಟಿ. ತಿಪ್ಪೇಶ್ ಸರ್ ಒಂದು ಸಲ ತೆರೆ ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

“ಏನ್ರಿ ಸರ್ ಮಾಡಬೇಕು ಈಗ?” ಎಂದು ಕೇಳಿದೆ.

“ಹೊಡಿಬೇಕ್ರಿ ಮೇಡಂ. ಬಾವಿಗೆ ಇಳಿಯಾಕ ಬಿಡಬಾರದಂತ. ಮ್ಯಾಲ ನೋಡ್ರಿ, ನೀಲಿ ಗೆರಿ ಐತಲ್ಲ. ಇವು ನೀರು ಮುಟ್ಟಿದ್ರ ಅದು ಇಳಿತೈತ್ರಿ. ನೀರು ಕೆಡತೈತಿ.”

ಮುಟ್ಟಿದರೆ ನೀರು ಕೆಡುತ್ತದೆ. ಈ ನಿಯಮವನ್ನು ನಿಮ್ಮಲ್ಲಿ ಯಾರು ಬರೆದರು ಕ್ರಾಂತಿ?

ಸರ್ ಒಂದನ್ನು ಹೊಡೆದರು. ಅದು ಬಿದ್ದು, ಏಳಲು ಹೋಗಿ, ನರಳಿತು. “ಯವ್ವಾ...” ದನಿಯನ್ನು ದಪ್ಪ ಮಾಡಿದ್ದೀರಿ, ಎಳೆದಿದ್ದೀರಿ. ಐದು ವರ್ಷದಿಂದ ದಿನಾ ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಅವ್ವ ಮಂಚದಿಂದ ಏಳುವಾಗ ಕೇಳುವ ದನಿ ಅದು. ನನಗೆ ತಿಳಿಯುವುದಿಲ್ಲವೇ? ನೀನು ಆ ರೆಕಾರ್ಡ್ ಮಾಡುವ ಮಿಶಿನ್ನನ್ನು ಬೆಳಿಗ್ಗೆಯೇ ಹಚ್ಚಿ ಅವಳ ಮಂಚದ ಬಳಿ ಇಟ್ಟಿದ್ದೆಯಾ?

ಇನ್ನೊಂದು ಸಲ ಹೊಡೆಯಬೇಡಿ ಸರ್ ಎಂದು ಎದ್ದುಬಂದೆ. ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತಿದ್ದಳು. ಯಾಕ ಮುಖ ಹಿಂಗಾಗೈತಿ ಎಂದಳು. ಬಿಸಿಲು ಎಂದೆ.

ರೇಖಾ


ಹೈದರಾಬಾದ್
೫ ಆಗಸ್ಟ್ ೨೦೨೪

ರೇಖಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ.

ನಾನು ಮೊದಲು ಬರೆದದ್ದು ಹೀಗಿರಲಿಲ್ಲ. ಬಾಗಿದವರು ಹೀರೋಗೆ ದಾರಿ ತೋರಿಸುವ ಹಿರಿಯರಾಗಿದ್ದರು. ಆಡಿ ನೋಡಿದವರಿಗೆ ಬೇಸರವಾಯಿತು. ಆಗ ಮೀಟಿಂಗಿನಲ್ಲಿ ಒಬ್ಬರು, ಇವರನ್ನೇ ಎದುರಾಳಿ ಮಾಡೋಣ, ನಡಿಗೆ ನೋಡಿದರೆ ಭಯವಾಗುತ್ತದೆ ಎಂದರು. ಇನ್ನೊಬ್ಬರು, ನೀರು ಮುಟ್ಟಿದರೆ ನೀರು ಕೆಡಲಿ, ಆಡುವವನಿಗೆ ಅವಸರ ಬರುತ್ತದೆ ಎಂದರು. ಅವರಿಗೆ ಏನೂ ಗೊತ್ತಿಲ್ಲ, ರೇಖಾ. ಆಟದ ಲೆಕ್ಕದಲ್ಲಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಬೇಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ನಾನು ಯಾವ ಕೇರಿಯವನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಆದರೂ ಯೋಚಿಸು, ಇದು ಕಲ್ಪನೆ. ಯಾವ ಊರಿನ ಹೆಸರೂ ಇಲ್ಲ, ಯಾರ ಹೆಸರೂ ಇಲ್ಲ. ಮೂರು ಕಣ್ಣಿನ ರಾಕ್ಷಸರ ಬದಲು ಮೂಳೆಯ ನಿಜವಾದ ರೋಗ ಬಂದಿದೆ. ವೈಜ್ಞಾನಿಕವಾಗಿರಲಿ ಎಂದವಳು ನೀನೇ. ಆಡಿದವರೊಬ್ಬರು, ಇಷ್ಟು ನಂಬಿಕೆ ಬರುವ ಜೀವಿಗಳನ್ನು ಬೇರೆ ಆಟದಲ್ಲಿ ನೋಡಿಲ್ಲ ಎಂದು ಬರೆದಿದ್ದಾರೆ.

ನಿನಗೆ ಮುಜುಗರವಾಗುವುದಾದರೆ ನಿನ್ನ ಹೆಸರು ತೆಗೆಸುತ್ತೇನೆ. ಅವ್ವನಿಗೆ ಹೇಳಬೇಡ.

ಕ್ರಾಂತಿ


ಹರಪನಹಳ್ಳಿ
೨೨ ಸೆಪ್ಟೆಂಬರ್ ೨೦೨೪

ಕ್ರಾಂತಿಕುಮಾರ್,

ವೈಜ್ಞಾನಿಕ ಎಂಬ ಮಾತನ್ನು ನೀನು ಆಡಬಾರದಿತ್ತು. ಎಂಬತ್ತು ವರ್ಷದ ಮೇಲೆ ಬಾಗಿದವರು ಇರಲಾರರೆಂದು ನಿನಗೆ ಬಿಡಿಸಿ ಬರೆದಿದ್ದೆ. ನೋವಿನ ಅಳತೆಯನ್ನೆಲ್ಲ ನನ್ನ ನೋಟ್‌ಬುಕ್ಕಿನಿಂದ ಕೂದಲೆಳೆಯಷ್ಟೂ ತಪ್ಪದೆ ತೆಗೆದುಕೊಂಡೆ. ಆ ನೋವು ಮುಗಿಯುತ್ತದೆ ಎಂಬ ಒಂದು ಸಾಲು ಮಾತ್ರ ನಿನಗೆ ಕಲ್ಪನೆಗೆ ಅಡ್ಡ ಬಂತು. ಮೆಕ್ಕೆಜೋಳದ ಸುಳ್ಳಿಗೆ ನಾನು ನಕ್ಕಿದ್ದೆ, ಯಾಕೆಂದರೆ ಮೆಕ್ಕೆಜೋಳಕ್ಕೆ ಅವಮಾನವಾಗುವುದಿಲ್ಲ.

ನಾನು ನಿಮ್ಮ ಕಂಪನಿಗೆ ನೇರವಾಗಿ ಬರೆದೆ. ನನ್ನ ನೋಟ್‌ಬುಕ್, ನನ್ನ ತಾಯಿಯ ಎಕ್ಸ್-ರೇ, ಅವಳ ದನಿ, ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದೆ. ಮೂರು ವಾರಕ್ಕೆ ಉತ್ತರ ಬಂತು. ಒಪ್ಪಿಗೆ ಪತ್ರ ಇದೆಯಲ್ಲ ಎಂದು ಅದರ ಪ್ರತಿ ಕಳಿಸಿದ್ದಾರೆ. ಅದರಲ್ಲಿ ಹೀಗಿದೆ: ‘ಹೆಸರು: ಮಾರೆಮ್ಮ. ಕುಮಾರ್ ಅವರಿಗೆ ಸಂಬಂಧ: ತಾಯಿ. ನನ್ನ ದನಿ, ಚಿತ್ರ, ವೈದ್ಯಕೀಯ ದಾಖಲೆಗಳನ್ನು ಬಳಸಲು ಒಪ್ಪಿದ್ದೇನೆ.’ ಕೆಳಗೆ ಕನ್ನಡದಲ್ಲಿ ಒಂದು ಸಹಿ. ದಿನಾಂಕ, ದಸರಾ ರಜೆ ಮುಗಿದ ಮರುವಾರ. ನೀನು ನನಗೆ ‘ಮರೆಯಲಾರೆ’ ಎಂದು ಬರೆಯುವುದಕ್ಕೂ ನಾಲ್ಕು ದಿನ ಮೊದಲು.

ಮೀಟಿಂಗಿನಲ್ಲಿ ಅವರು ಹೇಳಿದರು, ಇವರು ಹೇಳಿದರು ಎಂದು ಬರೆದೆ. ಈ ಸಹಿಯನ್ನು ಯಾವ ಮೀಟಿಂಗಿನವರು ಮಾಡಿದರು?

ರೇಖಾ


ಹೈದರಾಬಾದ್
೬ ಅಕ್ಟೋಬರ್ ೨೦೨೪

ರೇಖಾ,

ಸಹಿ ನಾನೇ ಹಾಕಿದೆ.

ಒಪ್ಪಿಗೆ ಪತ್ರವಿಲ್ಲದೆ ಏನನ್ನೂ ಸೇರಿಸಿಕೊಳ್ಳುವುದಿಲ್ಲ ಎಂದರು. ಆಮೇಲೆ ಅವ್ವನ ಹತ್ತಿರ ಮಾಡಿಸಿಕೊಂಡರಾಯಿತು, ಅವಳು ಬೇಡ ಎನ್ನುವುದಿಲ್ಲ ಎಂದುಕೊಂಡೆ. ಆಗ ಆ ಹಿರಿಯರ ಪಾತ್ರ ಇನ್ನೂ ಇತ್ತು. ಅದು ಬದಲಾದ ಮೇಲೆ ಕೇಳುವ ಮುಖ ಉಳಿಯಲಿಲ್ಲ. ನಿನ್ನ ಕಾಗದಗಳು ಬಂದರೆ ಒಡೆಯದೆ ಇಡುತ್ತಿದ್ದೆ.

ನಿನ್ನ ದೂರಿನ ಮೇಲೆ ಮುಖ್ಯಸ್ಥರು ನನ್ನನ್ನು ಕರೆಸಿ ಬೈದರು. ದನಿಯನ್ನೂ ಎಕ್ಸ್-ರೇಯನ್ನೂ ತೆಗೆದಿದ್ದಾರೆ. ಗೂನರಿಗೆ ಬಾಲ ಹಚ್ಚಿದ್ದಾರೆ, ಇನ್ನು ಮನುಷ್ಯರ ಹಾಗೆ ಕಾಣುವುದಿಲ್ಲವಂತೆ. ಬಾವಿಯ ನಿಯಮ ಹಾಗೇ ಇದೆ. ಅದು ಹೋದರೆ ಆ ಹಂತ ಸಪ್ಪೆಯಾಗುತ್ತದೆ ಎಂದರು. ಈ ಸಲ ನಾನು ಬೇಡ ಎಂದೆ, ನಾನು ಯಾರೆಂದೂ ಹೇಳಿದೆ. ಎಲ್ಲರೂ ಬೇರೆ ವಿಷಯಕ್ಕೆ ಹೋದರು. ನಾನು ಕೆಲಸ ಬಿಟ್ಟಿಲ್ಲ. ಬಿಟ್ಟೆನೆಂದು ಬರೆಯಬಹುದಿತ್ತು, ಇನ್ನು ನಿನಗೆ ಸುಳ್ಳು ಬರೆಯಲಾರೆ.

ನೋಟ್‌ಬುಕ್ ಇದರ ಜೊತೆ ಇದೆ. ದೀಪಾವಳಿಗೆ ಬಂದು ಅವ್ವನ ಕಾಲು ಹಿಡಿಯುತ್ತೇನೆ.

ಕ್ರಾಂತಿ


ಹರಪನಹಳ್ಳಿ
೨೦ ಅಕ್ಟೋಬರ್ ೨೦೨೪

ಕ್ರಾಂತಿ,

ನಾನು ಮಾರೆಮ್ಮ. ನಾ ಹೇಳ್ತೀನಿ, ರೇಖಾ ಬರಿತಾಳ. ತನ್ನದು ಒಂದಕ್ಷರನೂ ಸೇರಸಬ್ಯಾಡ ಅಂತ ಹೇಳೀನಿ.

ಇಷ್ಟು ದಿನ ನನಗ ಮುಚ್ಚಿಟ್ಟಿದ್ಲು. ನೀ ಬರ್ತೀನಿ ಅಂತ ಬರದ ಮ್ಯಾಲ ಎಲ್ಲಾ ಹೇಳಿದ್ಲು. ಆ ದನಿ ಕೇಳಸು ಅಂದೆ. ಒಲ್ಲೆ ಅಂದ್ಲು. ಹಟ ಹಿಡದೆ. ಕಾಲೇಜಿನ ಆ ಸರ್ ಹಳೇದು ತೆಗದಿಟ್ಟಿದ್ರಂತ, ಮನಿಗೆ ಬಂದು ಕೇಳಿಸಿದ್ರು. ನಂದ ದನಿ ಅದು. ಮೊದ್ಲು ನಗು ಬಂತು. ಇಷ್ಟು ದಪ್ಪ ಐತೇನು ನನ್ನ ಗಂಟಲು ಅಂದೆ. ಆಮ್ಯಾಲ, ಇವ್ರಿಗೆ ಏನು ಮಾಡ್ತಾರ ಅಂತ ಕೇಳಿದೆ. ಗುಂಡು ಹೊಡಿತಾರ ಅಂದ್ಲು. ಯಾಕ ಅಂದೆ. ನೀರಿಗೆ ಬರ್ತಾರಂತ ಅಂದ್ಲು.

ಮನುಷ್ಯಾರು ನೀರಿಗೆ ಬರಲಾರದ ಮತ್ತೆಲ್ಲಿ ಹೋಗಬೇಕಪಾ?

ಆ ದಿನ ಮಿಶಿನ್ನು ಮುಂದ ಇಟ್ಟು, ಮಾತಾಡವ್ವ ಅಂದಿ. ಮಾತಾಡಿದೆ. ರೇಖಾನ ಅಪ್ಪ ಅರ್ಜಿ ಹಿಡಕೊಂಡು ಹೋಗಿ ಬಾಗಿಲ ಹೊರಗ ನಿಂತದ್ದು, ಸಕ್ಕರಿ ಹಂಚಿದ್ದು, ಸಾಯೋ ಮುಂದ ‘ನಾನ ಈ ನೀರು ತಂದು ಕುಡಿಸಿದೆ’ ಅಂತ ಅತ್ತದ್ದು. ರೇಖಾಗ ಸೈತ ಹೇಳಿದ್ದಿಲ್ಲ ನಾನು, ಅಪ್ಪ ಅತ್ತಿದ್ದ ಅಂತ. ಈಗ ಬರಿತಾ ಕೈ ನಿಲ್ಲಿಸ್ಯಾಳ. ಅಷ್ಟೆಲ್ಲಾ ಹೇಳಿದ್ರಾಗ ಒಂದು ಮಾತೂ ನಿನಗ ಬ್ಯಾಡಾತು. ನರಳಿದ್ದು ಸಾಕಾತು.

ನಾಲ್ಕು ಮಂದಿ ನಡುವ ನಮ್ಮ ಕೇರಿ ಹೆಸರು ಹೇಳಾಕ ನಾಲಿಗಿ ಬರಲಿಲ್ಲ ಅಂದ್ರ ಅದು ನನಗ ತಿಳೀತೈತಿ. ನಾನೂ ಅಂಗನವಾಡಿ ಕೆಲಸಕ್ಕ ಸೇರಿದ ಮೊದಲ ವರ್ಷ ಹಂಗ ಇದ್ದೆ. ಅದಕ್ಕ ಸಿಟ್ಟಿಲ್ಲ. ಕಾಗದದಾಗ ನನ್ನ ನಿನ್ನ ತಾಯಿ ಅಂತ ಬರದಿ. ಬಾಯಿಲೆ ಅವ್ವ ಅಂತಿದ್ದಿ, ಅಷ್ಟು ಸಾಕಿತ್ತು ನನಗ. ತಾಯಿ ಅಂತ ಬರದ ಕೈಲೆ ಆಕಿನ್ನ ಕೊಟ್ಟುಬಿಟ್ಟಿ.

ದೀಪಾವಳಿಗೆ ಬರಬ್ಯಾಡ. ಮುಂದ ಯಾವಾಗರ ಬಾ ಅಂತನೂ ಹೇಳಾಂಗಿಲ್ಲ. ಹೇಳಿದ್ರ ನೀ ಕಾಯ್ತಿ, ನಾನೂ ಕಾಯ್ತೀನಿ.

ಹದಿನೆಂಟು ವರ್ಷ ಹಾಜರಿ ಪುಸ್ತಕದಾಗ ಸಹಿ ಮಾಡಿದಾಕಿ ನಾನು. ಈಗ ಬೆರಳು ಚಾಚಂಗಿಲ್ಲ, ಪೆನ್ನು ಮುಷ್ಟಿಲೆ ಹಿಡೀತೀನಿ. ಹೊತ್ತು ಹಿಡೀತೈತಿ. ರೇಖಾ ಕೈ ಹಿಡಿಯಾಕ ಬಂದ್ಲು, ಬ್ಯಾಡ ಅಂದೆ. ಕೆಳಗಿಂದು ನಾನ ಮಾಡೀನಿ. ಚಂದಾಗಿ ನೋಡಿಕೋ. ಮಾರೆಮ್ಮ ಅನ್ನಾಕಿ ಹಿಂಗ ಸಹಿ ಮಾಡ್ತಾಳ.

ಮಾರೆಮ್ಮ